ಒಬ್ಬರಿಗೆ ಮಾತ್ರ ಪ್ರವೇಶ

ಕರೋಲ್ ಬಾಗ್, ದೆಹಲಿ
14 ಫೆಬ್ರವರಿ 2025

ಮಾನ್ಯ ದತ್ತಾತ್ರೇಯ ಅವರಿಗೆ,

ನಮಸ್ಕಾರ. ನಾನು ಸರಳಾ. ಏಪ್ರಿಲ್‌ನಿಂದ ನಿಮ್ಮ ಮಗಳು ಕೃತಿ ನನ್ನ ತರಗತಿಗೆ, ಅಂದರೆ ಐದನೆಯದಕ್ಕೆ ಬರುತ್ತಾಳೆ. ದೆಹಲಿ ಕನ್ನಡಿಗರ ಈ ನಮ್ಮ ಶಾಲೆ ಐದಕ್ಕೇ ಮುಗಿಯುತ್ತದೆ. ಆಮೇಲೆ ಇಪ್ಪತ್ತೆರಡು ಮಕ್ಕಳೂ ದೆಹಲಿಯ ಇಪ್ಪತ್ತೆರಡು ಮೂಲೆ ಸೇರುತ್ತಾರೆ. ಅದಕ್ಕೆ ಮಕ್ಕಳನ್ನೂ ಮನೆಯವರನ್ನೂ ನಾನು ವರ್ಷಕ್ಕೆ ಮೊದಲೇ ಅಣಿ ಮಾಡತೊಡಗುತ್ತೇನೆ.

ನನ್ನದೊಂದು ಪದ್ಧತಿ ಇದೆ. ಪ್ರತಿ ಮನೆಯಿಂದ ಒಬ್ಬರು ತಮ್ಮ ಕೈಬರಹದಲ್ಲಿ, ಕನ್ನಡದಲ್ಲಿ, ನನಗೊಂದು ಕಾಗದ ಬರೆಯಬೇಕು. ಮಗು ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ನಗುತ್ತದೆ, ಏನು ಕಂಡರೆ ಆಗುವುದಿಲ್ಲ, ಇಷ್ಟು ಸಾಕು. ಅಂಕಗಳ ಮಾತು ಬೇಡ. ವಾಟ್ಸಾಪ್‌ನಲ್ಲಿ ಕೇಳಿದರೆ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತಾರೆ. ಮೀಟಿಂಗಿನಲ್ಲಿ ಕೇಳಿದರೆ ಪಕ್ಕದ ಕುರ್ಚಿಯವರಿಗೆ ಕೇಳಿಸಲಿ ಎಂದು ಮಾತಾಡುತ್ತಾರೆ. ಕಾಗದದ ಮುಂದೆ ಒಬ್ಬರೇ ಕೂತಾಗ ಮಾತ್ರ ಜನ ಮಗುವಿನ ಬಗ್ಗೆ ಯೋಚಿಸುತ್ತಾರೆ.

ಇನ್ನೊಂದು ಸಂಗತಿ. ಮುಂದಿನ ವರ್ಷ ಮಾರ್ಚ್‌ನಲ್ಲಿ, ಕೊನೆಯ ದಿನ, ಪ್ರತಿ ಮಗುವೂ ತನ್ನವರೊಬ್ಬರನ್ನು ತರಗತಿಗೆ ಕರೆಯಬಹುದು. ಒಬ್ಬರನ್ನು ಮಾತ್ರ, ಬೆಂಚಿನಲ್ಲಿ ಇಬ್ಬರಿಗಷ್ಟೇ ಜಾಗ. ಅವರು ಮಗುವಿನ ಪಕ್ಕದಲ್ಲಿ ಕೂತು ಕೊನೆಯ ಪೀರಿಯಡ್ ಕೇಳಿ, ಅದರ ಕೈಹಿಡಿದು ಗೇಟು ದಾಟಿಸಬೇಕು. ಅವರು ಯಾರು ಎಂಬುದನ್ನು ಫೆಬ್ರವರಿಯಲ್ಲಿ ಮಗುವೇ ಚೀಟಿಯಲ್ಲಿ ಬರೆಯುತ್ತದೆ. ಮನೆಯವರು ಹೇಳಿಕೊಡುವಂತಿಲ್ಲ.

ಕಾಗದ ಬರೆಯಲು ನಿಮ್ಮ ಅಕ್ಕ ಸುಶೀಲಮ್ಮನವರನ್ನು ಕೇಳಿದೆ. “ನಾನ್ಯಾಕ್ರೀ ಬರೀಲಿ? ಅಪ್ಪ ಅಂತ ಒಬ್ಬ ಇದಾನಲ್ಲ, ಅವನಿಗೇ ಹಾಕಿ,” ಎಂದು ನಿಮ್ಮ ವಿಳಾಸ ಕೊಟ್ಟರು. ಕೃತಿಯ ತಾಯಿ ಇಲ್ಲವೆಂಬುದೂ ಅವರಿಂದಲೇ ತಿಳಿಯಿತು. ನಿಮ್ಮ ದ್ವೀಪದಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲವಂತೆ. ಟಪಾಲು ಸಿಗುತ್ತದೆಂದು ನಂಬಿದ್ದೇನೆ.

ವಿಶ್ವಾಸದಿಂದ,
ಸರಳಾ


ಕಾರ್ ನಿಕೋಬಾರ್
10 ಮಾರ್ಚ್ 2025

ಸರಳಾ ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ವಿಮಾನ ಹತ್ತಿ, ಹಡಗು ಹತ್ತಿ, ಕೊನೆಗೆ ನಮ್ಮ ಪೋಸ್ಟ್‌ಮ್ಯಾನಿನ ಸೈಕಲ್ಲು ಹತ್ತಿ ಇಪ್ಪತ್ತು ದಿನಕ್ಕೆ ಬಂತು. ನಾನಿಲ್ಲಿ ಹವಾಮಾನ ಕಚೇರಿಯಲ್ಲಿದ್ದೇನೆ. ಬೆಳಗ್ಗೆ ಎದ್ದು ದೊಡ್ಡ ಬಲೂನೊಂದನ್ನು ಆಕಾಶಕ್ಕೆ ಬಿಡುವುದು, ಮೇಲಿನ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಬರೆದಿಡುವುದು ನನ್ನ ಕೆಲಸ. ಬಲೂನಿಗೂ ನನಗೂ ಮಾತುಕತೆ ಕಡಿಮೆ. ಹಾಗಾಗಿ ಯಾರಾದರೂ ಒಂದು ಕೇಳಿದರೆ ನಾಲ್ಕು ಹೇಳುತ್ತೇನೆ. ಹಿರಿಯೂರಿನ ಕಡೆಯ ಹಳ್ಳಿಯವನು, ಸಂಜೆಯಾದರೆ ಕಥೆ ಹೇಳುವ ಮನೆಯಲ್ಲಿ ಬೆಳೆದವನು. ಕ್ಷಮಿಸಬೇಕು.

ಕೃತಿಗೆ ವಾಹನ ಆಗದು. ಆಟೋದಲ್ಲಿ ಎರಡು ತಿರುವು ದಾಟುವುದರೊಳಗೆ ವಾಂತಿ. ಮೆಟ್ರೋದಲ್ಲಂತೂ ರಾಜೀವ್ ಚೌಕ್ ಬಂತೆಂದರೆ ಆ ಜನ ನೋಡಿ ನನ್ನ ಕಾಲನ್ನು ಬಳ್ಳಿಯ ಹಾಗೆ ಸುತ್ತಿಕೊಂಡುಬಿಡುತ್ತಾಳೆ. ಒಮ್ಮೆ ನನ್ನದೆಂದು ಇನ್ನೊಬ್ಬರ ಕಾಲನ್ನೇ ಸುತ್ತಿಕೊಂಡಿದ್ದಳು. ಆ ಸರ್ದಾರ್ಜಿ ನಕ್ಕು ಅವಳಿಗೊಂದು ಕಿತ್ತಳೆ ಕೊಟ್ಟಿದ್ದರು. ಹಿಂದಿನ ಬೆಂಚಿನಲ್ಲಿ ಕೂರಿಸಬೇಡಿ, ಯಾರಿಗೂ ಕಾಣದ ಜಾಗ ಅವಳಿಗೆ ಭಯ. ಹೆದರಿದಾಗ ಅಳುವುದಿಲ್ಲ, ನೀರು ಕೇಳುತ್ತಾಳೆ. ನೀರು ಕೇಳಿದಳೆಂದರೆ ಏನೋ ಆಗಿದೆ ಎಂದು ತಿಳಿಯಿರಿ. ಬೆಂಡೆಕಾಯಿ ಇದ್ದರೆ ಊಟ, ಇಲ್ಲದಿದ್ದರೆ ಪಂಚಾಯಿತಿ. ಎರಡು ಜಡೆ ಹಾಕಿದರೆ ಖುಷಿ. ಅವಳಮ್ಮ ಗಗನಾ ಹಾಗೆ ಹಾಕುತ್ತಿದ್ದಳು.

ಲೆಕ್ಕ ಮಾಡಲು ಕೂರಿಸಬೇಕಾದರೆ ಮೊದಲು ಒಂದು ಕಥೆ ಹೇಳಬೇಕು. ಎಷ್ಟು ಚಿಕ್ಕದಾದರೂ ಪರವಾಗಿಲ್ಲ.

ಇಷ್ಟು ಬರೆಯುವಾಗ ಅವಳನ್ನು ಮೊನ್ನೆ ಮೊನ್ನೆ ಹೆಗಲಿನಿಂದ ಇಳಿಸಿದ ಹಾಗಿದೆ. ಕೊನೆಯ ದಿನದ ವಿಷಯ ಓದಿದೆ. ಈಗಲೇ ರಜೆಯ ಲೆಕ್ಕ ಹಾಕುತ್ತಿದ್ದೇನೆ.

ತಮ್ಮ,
ದತ್ತಾತ್ರೇಯ


ಕರೋಲ್ ಬಾಗ್, ದೆಹಲಿ
3 ಮೇ 2025

ಮಾನ್ಯ ದತ್ತಾತ್ರೇಯ ಅವರಿಗೆ,

ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತು ಮನೆಯವರು ಕಾಗದ ಬರೆದರು. ಅದರಲ್ಲಿ ಎರಡು ಕಂಪ್ಯೂಟರಿನಿಂದ ಮುದ್ರಿಸಿದವು. ನಾಲ್ಕು ಪುಟ ಬರೆದವರು ನೀವೊಬ್ಬರೇ. ಬೇರೆ ಮನೆಯವರಿಗೆ ಹೆಸರು ಹೇಳದೆ ತೋರಿಸಿ, “ಅಷ್ಟು ದೂರದಲ್ಲಿರುವವರು ಇಷ್ಟು ಬರೆದಿದ್ದಾರೆ, ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವ ನಿಮಗೇನು ಕಷ್ಟ?” ಎಂದು ನಾಚಿಸಿದೆ.

ಮೊದಲ ಮೀಟಿಂಗ್ ಆಯಿತು. ಐದರಲ್ಲಿ ಈಗ ಫೇಲ್ ಮಾಡಬಹುದು ಎಂಬ ನಿಯಮ ಬಂದಾಗಿನಿಂದ ಎಲ್ಲರ ಮುಖದಲ್ಲೂ ಗಾಬರಿ. ಚಿರಂತನನ ಅಪ್ಪ ಎದ್ದು ನಿಂತು, “ಮ್ಯಾಮ್, ಸಿಕ್ಸ್ತ್‌ನಿಂದ ಐಐಟಿ ಫೌಂಡೇಶನ್ ಹಾಕಿದರೆ ಲೇಟ್ ಆಗಲ್ವಾ?” ಎಂದರು. ಹುಡುಗ ಅಲ್ಲೇ ಪಕ್ಕದಲ್ಲಿ ಶೂ ಲೇಸು ಕಟ್ಟಿಕೊಳ್ಳಲು ಒದ್ದಾಡುತ್ತಿದ್ದ. “ಮೊದಲು ಅದು ಆಗಲಿ ಸರ್,” ಎಂದೆ. ಹಿಂದಿನ ಸಾಲಿನಿಂದ ನಿಮ್ಮ ಅಕ್ಕ ಜೋರಾಗಿ ನಕ್ಕರು.

ನೀವು ಬರೆದಂತೆ ಕೃತಿಯನ್ನು ಮೊದಲ ಬೆಂಚಿಗೆ ಕರೆದೆ. ಹಿಂದೆ ಗೆಳತಿ ಹಂಸಿನಿಯ ಜೊತೆ ಕೂರುತ್ತೇನೆಂದು ಎರಡು ಸಲ ಕೇಳಿದಳು. ನಾನು ಒಪ್ಪಲಿಲ್ಲ. ಸುಮ್ಮನೆ ಬಂದು ಕೂತಳು. ಒಳ್ಳೆಯ ಹುಡುಗಿ.

ಸರಳಾ


ಕಾರ್ ನಿಕೋಬಾರ್
17 ಜೂನ್ 2025

ಸರಳಾ ಮೇಡಂ ಅವರಿಗೆ,

ಮೊದಲ ಬೆಂಚು ಎಂದು ಓದಿ ಇಲ್ಲಿಯ ನನ್ನ ಊಟಕ್ಕೆ ಸ್ವಲ್ಪ ಉಪ್ಪು ಹತ್ತಿದ ಹಾಗಾಯಿತು. ಹಿಂದೆ ಕೂರುತ್ತೇನೆ ಎಂದದ್ದು ನಾಚಿಕೆಗೆ, ಅಷ್ಟೆ. ಅವಳು ಕೇಳುವುದೊಂದು, ಬೇಕಾಗುವುದೊಂದು.

ಜೊತೆಗೆ ಅವಳಿಗೊಂದು ಕಥೆ ಕಳಿಸಿದ್ದೇನೆ. ಲೆಕ್ಕದ ಪೀರಿಯಡ್ಡಿಗೆ ಮೊದಲು ಓದಿ ಹೇಳಿ.

ಒಂದೂರಿನಲ್ಲಿ ಒಂದು ಎಮ್ಮೆ ಇತ್ತು. ಅದೆಂಥ ಸೋಮಾರಿ ಎಂದರೆ, ಒಂದು ದಿನ ಕೆರೆಗೆ ಇಳಿದದ್ದು ಏಳಲೇ ಇಲ್ಲ. ಬೆನ್ನಿನ ಮೇಲೆ ಕೆಸರು ಒಣಗಿತು, ಕೆಸರಿನಲ್ಲಿ ಹುಲ್ಲು ಬಂತು, ಹುಲ್ಲಿನಲ್ಲಿ ಕೊಕ್ಕರೆ ಮೊಟ್ಟೆಯಿಟ್ಟಿತು. ಊರಿನವರು ಇದೊಂದು ದ್ವೀಪ ಅಂದುಕೊಂಡರು. ಒಬ್ಬ ಅಲ್ಲಿಗೆ ತೆಪ್ಪದಲ್ಲಿ ಹೋಗಿ ಗುಡಿಸಲು ಹಾಕಿದ. ಶಾನುಭೋಗರು ಬಿಡುತ್ತಾರೆಯೇ? ಕೊಡೆ ಹಿಡಿದುಕೊಂಡು ಹೋಗಿ, ದ್ವೀಪವನ್ನು ಅಳೆದು, ಕಡತ ಬಿಚ್ಚಿ ಬರೆಯಲು ಕೂತರು. ಅಷ್ಟರಲ್ಲಿ ಎಮ್ಮೆಯನ್ನು ಹುಡುಕಿಕೊಂಡು ಮನೆಯ ಹುಡುಗಿ ದಡಕ್ಕೆ ಬಂದಳು. “ಬಾರೇ, ಹೊತ್ತಾಯ್ತು,” ಎಂದಳು. ಎಮ್ಮೆ ಎದ್ದಿತು. ಗುಡಿಸಲು ಒಂದು ಕಡೆ, ಕೊಕ್ಕರೆ ಒಂದು ಕಡೆ, ಶಾನುಭೋಗರ ಕಡತ ನೀರಿನಲ್ಲಿ. ಶಾನುಭೋಗರು ಮಾತ್ರ ಎಮ್ಮೆಯ ಬಾಲ ಹಿಡಿದು ಕೊಡೆ ಮಡಚದೆಯೇ ಊರು ಸೇರಿದರಂತೆ.

ಅವಳು ನಕ್ಕಳೇ, ಬರೆಯಿರಿ. ಎಷ್ಟು ನಕ್ಕಳು ಎಂದೂ ಬರೆಯಿರಿ.

ದತ್ತಾತ್ರೇಯ


ಕರೋಲ್ ಬಾಗ್, ದೆಹಲಿ
23 ಆಗಸ್ಟ್ 2025

ಮಾನ್ಯ ದತ್ತಾತ್ರೇಯ ಅವರಿಗೆ,

ಎಮ್ಮೆಯ ಕಥೆಯನ್ನು ಇಡೀ ತರಗತಿಗೇ ಓದಿದೆ. ಮಕ್ಕಳು ಬೆಂಚು ಬಡಿದರು. “ಮ್ಯಾಮ್, ಭೈಂಸ್ ಉಸಿರಾಡಿದ್ದು ಹೇಗೆ?” ಎಂದು ಶ್ರೇಯಸ್ ಕೇಳಿದ. ಎಮ್ಮೆ ಇವರ ಬಾಯಲ್ಲಿ ಭೈಂಸ್. ಕೃತಿಗೆ ಕಥೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ. ಎಮ್ಮೆ ಏಳುವುದಕ್ಕೆ ಮುಂಚೆಯೇ ಅವಳು ಹಿಂದಕ್ಕೆ ತಿರುಗಿ ಹಂಸಿನಿಯ ಮುಖ ನೋಡಿದಳು, ನಗುತ್ತಾಳೋ ಇಲ್ಲವೋ ಎಂದು. ಕಥೆ ಯಾರದೆಂದು ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಈ ತಿಂಗಳು ಮಕ್ಕಳನ್ನು ರೈಲು ಮ್ಯೂಸಿಯಂಗೆ ಕರೆದೊಯ್ದೆ. ಮುಂದಿನ ವರ್ಷ ದೂರದ ಶಾಲೆಗಳಿಗೆ ಓಡಾಡಬೇಕಾದವರು, ಅದಕ್ಕೆ ಬೇಕೆಂದೇ ಮೆಟ್ರೋದಲ್ಲಿ ಕರೆದೊಯ್ಯುತ್ತೇನೆ. ಕಾರ್ಡು ಹಾಕುವುದು, ರೈಲು ಬದಲಿಸುವುದು, ಬೋರ್ಡು ಓದುವುದು, ಎಲ್ಲ ಅವರೇ ಮಾಡಬೇಕು. ನಿಮ್ಮ ಕಾಗದ ನೆನಪಿತ್ತು. ಕೃತಿಯನ್ನು ಶಾಲೆಯಲ್ಲೇ ಬಿಟ್ಟೆ. ಮೂರನೆಯ ತರಗತಿಯವರ ಜೊತೆ ಚಿತ್ರ ಬರೆಯುತ್ತಾ ಕೂತಿದ್ದಳಂತೆ. ತೊಂದರೆಯೇನೂ ಆಗಲಿಲ್ಲ.

ನಿಮ್ಮ ರಜೆ ಯಾವಾಗ? ಒಮ್ಮೆ ಬಂದುಹೋಗಿ.

ಸರಳಾ


ಕಾರ್ ನಿಕೋಬಾರ್
20 ಸೆಪ್ಟೆಂಬರ್ 2025

ಸರಳಾ ಮೇಡಂ ಅವರಿಗೆ,

ಮ್ಯೂಸಿಯಂ ವಿಷಯ ಓದಿ ಎರಡು ಸಲ ಕೈಮುಗಿದೆ. ಇಪ್ಪತ್ತೆರಡು ಮಕ್ಕಳಲ್ಲಿ ಒಂದು ಮಗುವಿನ ಹೊಟ್ಟೆ ತೊಳಸುವುದನ್ನು ನೆನಪಿಟ್ಟುಕೊಳ್ಳುವ ಟೀಚರ್ ಎಲ್ಲಿ ಸಿಗುತ್ತಾರೆ? ನಾನು ಅಲ್ಲಿಲ್ಲ ಎಂಬ ಕೊರತೆಯನ್ನು ನೀವು ತುಂಬಿದಿರಿ.

ರಜೆಗೆ ಬರಬೇಕೆಂದು ಮೇ ತಿಂಗಳಿನಲ್ಲೇ ಹೊರಟಿದ್ದೆ. ಸಮುದ್ರ ಕೆಟ್ಟಿತು, ಹಡಗು ನಿಂತಿತು. ಇಲ್ಲಿ ಹೀಗೇ. ಗಾಳಿಯನ್ನು ಅಳೆಯುವವನಿಗೂ ಗಾಳಿ ರಿಯಾಯಿತಿ ಕೊಡುವುದಿಲ್ಲ.

ಒಂದು ಮಾತು, ತಪ್ಪು ತಿಳಿಯಬೇಡಿ. ಆಗಸ್ಟ್‌ನಿಂದ ಕೃತಿ ಫೋನಿಗೆ ಬರುತ್ತಿಲ್ಲ. ನೆಟ್‌ವರ್ಕ್ ಸಿಗುವ ಭಾನುವಾರ ಮಾಡಿದರೆ ಅಕ್ಕ ಎತ್ತಿ, “ಹೋಂವರ್ಕ್ ಇದೆಯಂತೆ ಕಣೋ,” ಎನ್ನುತ್ತಾಳೆ. ಐದನೆಯದು ದೊಡ್ಡ ತರಗತಿ, ಒಪ್ಪುತ್ತೇನೆ. ಆದರೂ ಭಾನುವಾರದ ಮಟ್ಟಿಗೆ ಸ್ವಲ್ಪ ಕಡಿಮೆ ಕೊಡಲು ಸಾಧ್ಯವೇ? ಹತ್ತು ನಿಮಿಷ ಸಾಕು.

ದತ್ತಾತ್ರೇಯ


ಕರೋಲ್ ಬಾಗ್, ದೆಹಲಿ
2 ನವೆಂಬರ್ 2025

ಮಾನ್ಯ ದತ್ತಾತ್ರೇಯ ಅವರಿಗೆ,

ನಾನು ಭಾನುವಾರಕ್ಕೆ ಹೋಂವರ್ಕ್ ಕೊಡುವುದಿಲ್ಲ. ಹದಿನೇಳು ವರ್ಷದಲ್ಲಿ ಎಂದೂ ಕೊಟ್ಟಿಲ್ಲ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಧೈರ್ಯ ಸಾಲಲಿಲ್ಲ. ಕಳೆದ ಸಲ ನಾನು ತೊಂದರೆಯೇನೂ ಆಗಲಿಲ್ಲ ಎಂದು ಬರೆದೆ. ಅದು ಸುಳ್ಳು.

ಆ ದಿನ ಬೆಳಗ್ಗೆ ಕೃತಿ ಹೊಸ ನೀರಿನ ಬಾಟಲಿ, ಕ್ಯಾಪು, ತನ್ನದೇ ಮೆಟ್ರೋ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಳು. ನಾನು ಅವಳ ಹೆಸರು ಬಿಟ್ಟು ಕರೆದೆ. “ಮ್ಯಾಮ್, ಮೈಂ?” ಎಂದಳು, ಮತ್ತೆ ನಾನು ಎಂದು. ನಿನಗೆ ವಾಹನ ಆಗದಲ್ಲಮ್ಮ ಎಂದೆ. “ಕಿಸ್ನೇ ಬೋಲಾ?” ಎಂದಳು. ಯಾರು ಹೇಳಿದ್ದು ಎಂದು. ನಾನು ಸುಮ್ಮನಿರಬಹುದಿತ್ತು. ನಿನ್ನ ಪಪ್ಪಾ ಬರೆದಿದ್ದಾರೆ ಎಂದುಬಿಟ್ಟೆ. ಅವಳ ಮುಖ ನೋಡಿದ ಮೇಲಾದರೂ ಕರೆದೊಯ್ಯಬೇಕಿತ್ತು. ಕಣ್ಣೆದುರಿನ ಮಗುವಿಗಿಂತ ಕೈಯಲ್ಲಿದ್ದ ಕಾಗದವನ್ನು ನಂಬಿದೆ. ಅವಳು ನೀರು ಕೇಳಲಿಲ್ಲ. ಕೇಳಿದ್ದರೆ ನನಗೆ ಅರ್ಥವಾಗುತ್ತಿತ್ತೇನೋ ಎಂದು ಆಮೇಲೆ ಅಂದುಕೊಂಡೆ, ಅದೂ ನಿಮ್ಮ ಕಾಗದದ್ದೇ ಮಾತು.

ಕಳೆದ ವಾರ ಮಯೂರ್ ವಿಹಾರದ ನಿಮ್ಮ ಮನೆಗೆ ಹೋಗಿದ್ದೆ. ಸುಶೀಲಮ್ಮನವರ ಮಂಡಿಗೆ ಕರೋಲ್ ಬಾಗ್‌ನಲ್ಲಿ ಫಿಸಿಯೋಥೆರಪಿ ನಡೆಯುತ್ತಿದೆ, ನಿಮಗೆ ಗೊತ್ತಿತ್ತೇ? ಮಂಗಳವಾರ, ಶನಿವಾರ ಮೆಟ್ರೋದಲ್ಲಿ ಹೋಗುತ್ತಾರೆ. ಕರೆದೊಯ್ಯುವವಳು ಕೃತಿ. ರಾಜೀವ್ ಚೌಕ್‌ನಲ್ಲಿ ಜನ ನುಗ್ಗುವಾಗ, “ಭಯ್ಯಾ, ಬುವಾ ಕಾ ಘುಟನಾ,” ಎಂದು ಕೈಯಡ್ಡ ಹಿಡಿದು ಅತ್ತೆಯ ಮಂಡಿ ಕಾಯುವವಳು ಅವಳು.

ಸುಶೀಲಮ್ಮ ಟೀ ಕೊಡುತ್ತಾ, “ವಾಂತಿ ಮಾಡ್ತಿದ್ದದ್ದು ಎರಡನೇ ಕ್ಲಾಸಲ್ಲಿ ಕಣ್ರೀ. ಬೆಂಡೆಕಾಯಿ ಈಗ ಮುಟ್ಟಲ್ಲ. ಜಡೆ ಎಲ್ಲಿದೆ, ಹೋದ ವರ್ಷವೇ ಕತ್ತರಿಸಿಕೊಂಡಳು. ಅವನು ಬಂದು ಎರಡು ವರ್ಷ ಒಂಬತ್ತು ತಿಂಗಳಾಯ್ತಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು?” ಎಂದರು. ಕೃತಿ ಬಾಗಿಲ ಹತ್ತಿರ ನಿಂತಿದ್ದಳು. ನಾನು ಅವಳಿಗೆ ಸಾರಿ ಹೇಳಿದೆ. “ಇಟ್ಸ್ ಓಕೆ ಮ್ಯಾಮ್,” ಎಂದಳು. ಒಳಗೆ ಹೋದವಳು ಮತ್ತೆ ತಲೆ ಹೊರಗೆ ಹಾಕಿ, “ಮ್ಯಾಮ್, ಆ ಕಹಾನಿಯಲ್ಲಿ ಭೈಂಸ್ ಕೂಡ ಕರೆದರೆ ಬರ್ತಾಳೆ,” ಎಂದಳು.

ಹಡಗು ನಿಜವಾಗಿ ನಿಂತಿತ್ತೇ ಎಂದು ನಾನು ಕೇಳುವುದಿಲ್ಲ. ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದೇನೆ. ಹಂಸಿನಿಯ ಪಕ್ಕ.

ಸರಳಾ


ಕರೋಲ್ ಬಾಗ್, ದೆಹಲಿ
19 ಡಿಸೆಂಬರ್ 2025

ಮಾನ್ಯ ದತ್ತಾತ್ರೇಯ ಅವರಿಗೆ,

ನಿಮ್ಮಿಂದ ಉತ್ತರವಿಲ್ಲ. ಟಪಾಲು ತಡವಾಗಿರಬಹುದು ಎಂದು ಮೊದಲು ಅಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಜೋರಾಗಿ ಬರೆದೆನೇನೋ.

ಗಾಳಿ ಕೆಟ್ಟು ಐದನೆಯವರೆಗಿನ ತರಗತಿಗಳು ಮತ್ತೆ ಮನೆಯಿಂದ. “ಮ್ಯಾಮ್, ಸಿಕ್ಸ್ತ್‌ನವರ ಲಂಗ್ಸ್ ಬೇರೆ ಇರುತ್ತಾ?” ಎಂದು ಶ್ರೇಯಸ್ ಕೇಳಿದ. ಮುಂದಿನ ವರ್ಷ ನಿನಗೇ ಗೊತ್ತಾಗುತ್ತದೆ ಎಂದೆ. ಖಾಲಿ ತರಗತಿಯಲ್ಲಿ ಕೂತು ಲ್ಯಾಪ್‌ಟಾಪಿನೊಳಗಿನ ಕಪ್ಪು ಚೌಕಗಳಿಗೆ ಭಿನ್ನರಾಶಿ ಹೇಳುತ್ತೇನೆ. ಹೇಳಿ ಮುಗಿಸಿ, ಯಾರಾದರೂ ಇದ್ದೀರಾ ಎಂದು ಕೇಳಬೇಕು. ಆಮೇಲೆ ಕೋಣೆಗೆ ಬಂದು ಒಂದು ಲೋಟ ಅಕ್ಕಿ ಬೇಯಿಸುತ್ತೇನೆ. ಮಾತಾಡಿದ್ದು ಎಷ್ಟು, ಕೇಳಿಸಿಕೊಂಡವರು ಎಷ್ಟು ಎಂದು ತಿಳಿಯದೆ ದಿನ ಮುಗಿಯುತ್ತದೆ. ನಿಮ್ಮ ಬಲೂನು ನೆನಪಾಗುತ್ತದೆ.

ಕೃತಿಯ ಚೌಕ ಮಾತ್ರ ತೆರೆದಿರುತ್ತದೆ. ಹಿಂದೆ ಸುಶೀಲಮ್ಮ ಬಟಾಣಿ ಸುಲಿಯುತ್ತಾ ಪಾಠ ಕೇಳುತ್ತಾರೆ.

ಬರೆಯಿರಿ.

ಸರಳಾ


ಕಾರ್ ನಿಕೋಬಾರ್
11 ಜನವರಿ 2026

ಸರಳಾ ಮೇಡಂ ಅವರಿಗೆ,

ನೀವು ಜೋರಾಗಿ ಬರೆಯಲಿಲ್ಲ.

ಹಡಗು ನಿಲ್ಲಲಿಲ್ಲ. ಮೇ ತಿಂಗಳಿನಲ್ಲಿ ಪೋರ್ಟ್ ಬ್ಲೇರ್‌ವರೆಗೆ ಬಂದೆ. ದೆಹಲಿಯ ಟಿಕೆಟ್ ಜೇಬಿನಲ್ಲಿತ್ತು. ವಿಮಾನ ಹೊರಡುವ ಹೊತ್ತಿಗೆ ಲಾಡ್ಜಿನ ಕೋಣೆಯಲ್ಲಿ ಶೂ ಹಾಕಿಕೊಂಡು ಕೂತಿದ್ದೆ. ಹನ್ನೆರಡು ದಿನ ಅಲ್ಲೇ ಇದ್ದು ಹಿಂದಿರುಗಿದೆ. ಅಕ್ಕನ ಮುಂದೆ ಸಮುದ್ರದ ಮೇಲೆ ತಪ್ಪು ಹೊರಿಸಿದೆ, ನಿಮಗೂ ಅದನ್ನೇ ಬರೆದೆ. ಇನ್ನೂ ಒಂದು ಹೇಳುತ್ತೇನೆ. ಇಲ್ಲಿಯ ಅವಧಿ ನನಗೆ ಎಂದೋ ಮುಗಿದಿತ್ತು. ಇನ್ನೆರಡು ವರ್ಷ ಇರುತ್ತೇನೆಂದು ನಾನೇ ಅರ್ಜಿ ಕೊಟ್ಟೆ. ಮನೆಯಲ್ಲಿ ಹೇಳಿಲ್ಲ.

ಕೊನೆಯ ಸಲ ಬಂದಾಗ ಕೃತಿಗೆ ಏಳು ವರ್ಷ. ಹತ್ತು ದಿನವೂ ಅವಳು ನನ್ನನ್ನು ನೆಂಟರ ಹಾಗೆ ನೋಡಿಕೊಂಡಳು. ಬಿಸ್ಕತ್ತು ತಟ್ಟೆಯಲ್ಲಿ ಇಟ್ಟು ಕೊಟ್ಟಳು. ಸ್ನಾನದ ಮನೆಯ ಗೀಸರ್ ಸ್ವಿಚ್ ತೋರಿಸಿದಳು. ಆ ಸ್ವಿಚ್ಚನ್ನು ಹಾಕಿಸಿದವನು ನಾನು, ಮೇಡಂ. ಮಗು ತಪ್ಪೇನೂ ಮಾಡಲಿಲ್ಲ. ಗಗನಾ ಹೋದಮೇಲೆ ಆ ಮನೆಯಲ್ಲಿ ನನ್ನ ಜಾಗ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ, ಅವಳಿಗೆ ಹೇಗೆ ತಿಳಿಯಬೇಕು? ಇಲ್ಲಿಗೆ ವಾಪಸು ಬಂದಾಗ ಹಗುರವಾಯಿತು. ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆಯಲ್ಲಿ ಒಂದು ತಿಂಗಳು ತಳ್ಳಿದರೆ, ಮುಂದಿನ ತಿಂಗಳು ಹೋಗುವುದು ಇನ್ನೂ ಕಷ್ಟ.

ನಿಮಗೆ ಬರೆದ ನಾಲ್ಕು ಪುಟದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಹತ್ತಿರ ಇದ್ದ ಕೃತಿ ಅವಳೇ. ಅವಳನ್ನೇ ದಿನಾ ಸಂಜೆ ಎದುರು ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ಆ ಹುಡುಗಿಗಾಗಿ ಈ ಹುಡುಗಿಯನ್ನು ಸಾಲಿನಿಂದ ಆಚೆ ನಿಲ್ಲಿಸಿದ ಹಾಗಾಯಿತು.

ಮಾರ್ಚ್‌ಗೆ ರಜೆ ಮಂಜೂರಾಗಿದೆ. ಈ ಸಲ ಹೊರಡುತ್ತೇನೆ. ಚೀಟಿಯಲ್ಲಿ ನನ್ನ ಹೆಸರು ಬರಲಿ ಎಂದು ಆಸೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ನೀವು ಅವಳಿಗೆ ಏನೂ ಹೇಳಬೇಡಿ. ನಾನು ಬರುತ್ತೇನೆಂದೂ ಹೇಳಬೇಡಿ. ಅಕ್ಕನಿಗೆ ನಾನೇ ತಿಳಿಸುತ್ತೇನೆ.

ದತ್ತಾತ್ರೇಯ


ಕರೋಲ್ ಬಾಗ್, ದೆಹಲಿ
16 ಫೆಬ್ರವರಿ 2026

ಮಾನ್ಯ ದತ್ತಾತ್ರೇಯ ಅವರಿಗೆ,

ಚೀಟಿಗಳು ಬಂದವು. ಸುತ್ತಿ ಬಳಸಿ ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ಕೃತಿ ಬರೆದದ್ದು ಸುಶೀಲಮ್ಮನವರ ಹೆಸರು.

ಚೀಟಿ ಕೊಡುವಾಗ ಮೇಜಿನ ಹತ್ತಿರ ನಿಂತು, “ಮ್ಯಾಮ್, ಇದು ಪರ್ಮನೆಂಟಾ?” ಎಂದಳು. ಬದಲಾಯಿಸಬೇಕಾದರೆ ಬದಲಾಯಿಸಬಹುದು ಎಂದೆ. ವಾಪಸು ತೆಗೆದುಕೊಂಡಳು. ಪೆನ್ಸಿಲಿನ ತುದಿ ಕಚ್ಚಿಕೊಂಡು ಕಿಟಕಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದಳು. ನನಗೆ ನಾಲಿಗೆ ತುದಿಯವರೆಗೆ ಬಂತು, ನಿಮ್ಮ ರಜೆಯ ಮಾತು. ನೀವು ಬೇಡವೆಂದಿದ್ದಿರಿ. ಕೊನೆಗೆ ಅವಳು, “ನಹೀಂ. ಬುವಾ ಹೀ,” ಅತ್ತೆಯೇ ಇರಲಿ ಎಂದು ಚೀಟಿಯನ್ನು ಹಾಗೆಯೇ ಇಟ್ಟು ಹೋದಳು.

ಒಬ್ಬರಿಗೆ ಮಾತ್ರ ಎಂಬ ನಿಯಮ ನನ್ನದೇ. ಮುರಿಯುವುದೂ ನನ್ನ ಕೈಯಲ್ಲೇ ಇದೆ. ಇನ್ನೊಂದು ಕುರ್ಚಿ ಹಾಕಿದರೆ ಯಾರೂ ಕೇಳುವವರಿಲ್ಲ. ಹಾಕುವುದಿಲ್ಲ. ಒಮ್ಮೆ ಅವಳನ್ನು ಕೇಳದೆ ಅವಳಿಗೆ ಒಳ್ಳೆಯದು ಮಾಡಲು ಹೋಗಿದ್ದೇನೆ, ಸಾಕು.

ನೀವು ಬರುವುದಾದರೆ ಮಾರ್ಚ್ 24, ಮಂಗಳವಾರ. ಹನ್ನೆರಡೂವರೆಗೆ ಗೇಟು ತೆರೆಯುತ್ತದೆ. ಹೊರಗೆ ಬೇವಿನ ಮರದ ಕೆಳಗೆ ವ್ಯಾನಿನವರು ನಿಲ್ಲುತ್ತಾರೆ, ಅಲ್ಲಿ ನೆರಳಿದೆ. ನಾನು ಹೊರಗೆ ಬರುವುದಿಲ್ಲ. ಎಲ್ಲರೂ ಒಬ್ಬೊಬ್ಬರ ಕೈಹಿಡಿದು ಹೋದಮೇಲೆ ಬೆಂಚು ಸರಿಸಿ ಬೀಗ ಹಾಕುವ ಕೆಲಸ ಪ್ರತಿ ವರ್ಷವೂ ನನ್ನದು. ಆ ದಿನ ನಾನು ಯಾರ ಜೊತೆಗೂ ಚೆನ್ನಾಗಿ ಮಾತಾಡಲಾರೆ. ನಾವು ಭೇಟಿಯಾಗದಿದ್ದರೆ ತಪ್ಪು ತಿಳಿಯಬೇಡಿ.

ಸರಳಾ


ಮಯೂರ್ ವಿಹಾರ್, ದೆಹಲಿ
24 ಮಾರ್ಚ್ 2026

ಸರಳಾ ಮೇಡಂ ಅವರಿಗೆ,

ಒಂದೇ ಊರಿನಲ್ಲಿದ್ದು ಕಾಗದ ಬರೆಯುತ್ತಿದ್ದೇನೆ. ಗೇಟಿನ ಹೊರಗೆ ಏನಾಯಿತು ಎಂದು ನಿಮಗೆ ತಿಳಿಯಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ನುಂಗಿಬಿಡುತ್ತೇನೆ.

ಬೆಳಗ್ಗೆ ವಿಮಾನ ಇಳಿದು ನೇರ ಶಾಲೆಗೆ ಬಂದೆ. ಹನ್ನೊಂದಕ್ಕೇ ಬಂದುಬಿಟ್ಟಿದ್ದೆ. ಬೇವಿನ ಮರದ ಕೆಳಗೆ ವ್ಯಾನಿನ ಡ್ರೈವರ್ ಒಬ್ಬರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಅರ್ಧ ನನ್ನ ಕೈಗೂ ಹಾಕಿ, ಯಾರನ್ನು ಕರೆದೊಯ್ಯಲು ಬಂದಿದ್ದೀರಿ ಎಂದರು. ಬೇಟಿಯನ್ನು ಎಂದೆ. ಹಾಗಾದರೆ ಒಳಗೆ ಹೋಗಿ, ಇವತ್ತು ಒಳಗೆ ಬಿಡುತ್ತಾರೆ ಎಂದರು. ನನ್ನ ಹೆಸರಿಲ್ಲ ಎಂದೆ. ಅವರು ಇನ್ನೊಂದು ಹಿಡಿ ಕಡಲೆಕಾಯಿ ಕೊಟ್ಟರು.

ಹನ್ನೆರಡೂವರೆಗೆ ಮಕ್ಕಳು ಬರತೊಡಗಿದರು. ಎಲ್ಲರಿಗೂ ಒಂದೇ ಬಟ್ಟೆ, ಎಲ್ಲರ ಪಕ್ಕದಲ್ಲೂ ಒಬ್ಬೊಬ್ಬರು. “ಆಪ್ ಕೀ ಕೌನ್ ಸೀ ಹೈ?” ನಿಮ್ಮ ಮಗಳು ಯಾರು ಎಂದು ಡ್ರೈವರ್ ಕೇಳಿದರು. ಎರಡು ಜಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ತಲೆ ತಗ್ಗಿಸಿ ನಡೆಯುವ ರೀತಿ ಗಗನಾಳದೇ. ಜಡೆ ಕತ್ತರಿಸಿದ್ದಾಳೆಂದು ನೀವು ಬರೆದದ್ದನ್ನು ಓದಿ, ಮಡಚಿ, ಪೆಟ್ಟಿಗೆಯಲ್ಲಿಟ್ಟವನು ನಾನು. ಆದರೂ ಕೈ ಎತ್ತಿ ತೋರಿಸಿದೆ. ಅವಳೇ ಎಂದೆ. ಎರಡು ಹೆಜ್ಜೆ ಮುಂದೆಯೂ ಹೋದೆ.

ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಅಕ್ಕ, ಅಕ್ಕನ ಮೊಣಕೈ ಹಿಡಿದುಕೊಂಡು ಕತ್ತಿನವರೆಗಿನ ಕೂದಲಿನ ಒಬ್ಬ ಉದ್ದನೆಯ ಹುಡುಗಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ತೋರಿಸಿದ ಬೆರಳನ್ನು ನೋಡಿದಳು, ಆ ಹುಡುಗಿಯನ್ನು ನೋಡಿದಳು.

“ಪಪ್ಪಾ, ಅವಳು ಹಂಸಿನಿ,” ಎಂದಳು. “ನಾನು ಇದು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೇಡಂ. ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಬಿಸಿಲು ಕಣೋ, ಬಿಸಿಲಿಗೆ ಕಣ್ಣು ಕಾಣಿಸಲ್ಲ,” ಎಂದಳು. ಯಾರ ಪರವಾಗಿ ಹೇಳಿದಳೋ ತಿಳಿಯಲಿಲ್ಲ.

ಮನೆಗೆ ಬರುವ ವ್ಯವಸ್ಥೆ ಮಾಡಿದವಳು ಕೃತಿ. ಅಕ್ಕನ ಮಂಡಿಗೆ ಆಟೋ, ನನ್ನ ಟ್ರಂಕು ಅಕ್ಕನ ಕಾಲಿಗೆ ತಾಗುತ್ತದೆ, ಆದ್ದರಿಂದ ನಾನೂ ಟ್ರಂಕೂ ಬೇರೆ ಆಟೋ. “ಚಲೋ,” ಎಂದು ಅಕ್ಕನನ್ನು ಹತ್ತಿಸಿ ತಾನೂ ಹತ್ತಿದಳು. ನಾನು ಹಿಂದಿನ ಆಟೋದಲ್ಲಿ ಅವರ ಆಟೋದ ನಂಬರು ನೋಡುತ್ತಾ ಬಂದೆ.

ಮನೆಯಲ್ಲಿ ಬಿಸ್ಕತ್ತು ತಟ್ಟೆಯಲ್ಲಿ ಬರಲಿಲ್ಲ. ಡಬ್ಬ ತೋರಿಸಿ, ಅಲ್ಲಿದೆ ಎಂದಳು. ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನವೆಲ್ಲ ಆ ಬಾಗಿಲಿನ ಎದುರು ಕುರ್ಚಿಯಲ್ಲಿ ಕೂತಿದ್ದೆ. ಎರಡು ಸಲ ಬಾಯಿ ತೆರೆದೆ. ಹೇಳಲು ಕಥೆಯೊಂದೂ ನೆನಪಾಗಲಿಲ್ಲ. ನಿಮಗೆ ಅಷ್ಟುದ್ದ ಬರೆದವನಿಗೆ ಒಂದು ಬಾಗಿಲಿನ ಆಚೆಗೆ ಕಳಿಸಲು ಮಾತಿಲ್ಲ. ಒಳಗಿನಿಂದ ಫೋನಿನಲ್ಲಿ ಅವಳು ನಗುವುದು ಕೇಳಿಸಿತು. ಹಂಸಿನಿಯ ಜೊತೆ ಇರಬೇಕು. ನಗುವಾಗ ಕೊನೆಯಲ್ಲಿ ಒಂದು ಸಲ ಉಸಿರು ಎಳೆದುಕೊಳ್ಳುತ್ತಾಳೆ. ಅದು ನನಗೆ ಗೊತ್ತಿರಲಿಲ್ಲ. ಹೊಸದಾಗಿ ತಿಳಿದದ್ದು ಅದೊಂದು.

ಈಗ ಸಂಜೆ ಆರು. ಸ್ವಲ್ಪ ಹೊತ್ತಿಗೆ ಮುಂಚೆ ಬಾಗಿಲು ತೆರೆದು ಬಂದಳು. ಫ್ರಿಜ್ಜಿನ ಮೇಲಿನ ಸ್ಟೀಲಿನ ಕ್ಯಾನು ತೆಗೆದು ನನ್ನ ಕುರ್ಚಿಯ ಪಕ್ಕದಲ್ಲಿಟ್ಟಳು.

“ಪಪ್ಪಾ, ನಾಳೆ ಬೆಳಗ್ಗೆ ಹಾಲು ನೀವು ತರ್ತೀರಾ? ಬುವಾಗೆ ಮೆಟ್ಟಿಲು ಇಳಿಯೋಕೆ ಆಗಲ್ಲ. ಆರೂವರೆಗೆ ಲೈನ್ ಶುರು ಆಗುತ್ತೆ.”

ತರುತ್ತೇನೆ ಎಂದೆ.

ಹೋಗುವವಳು ಬಾಗಿಲಲ್ಲಿ ನಿಂತಳು. “ಬೂತ್ ಎಲ್ಲಿ ಅಂತ ಗೊತ್ತಾ? ಗೊತ್ತಿಲ್ಲ ಅಂದ್ರೆ ನಾನು ಜೊತೆಗೆ ಬರ್ತೀನಿ.”

ಹನ್ನೊಂದು ವರ್ಷ ಆ ಬೂತಿನಿಂದ ಹಾಲು ತಂದಿದ್ದೇನೆ, ಮೇಡಂ. ಎರಡನೇ ಗೇಟಿನಿಂದ ಎಡಕ್ಕೆ, ಇಸ್ತ್ರಿಯವನ ಗಾಡಿ ದಾಟಿದರೆ ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ.

ಗೊತ್ತಿಲ್ಲ ಎಂದೆ.

ದತ್ತಾತ್ರೇಯ